ವ್ಯಸನಿಯ ನೋವು

ಕನ್ನಡದಲ್ಲಿ ‘ವ್ಯಸನ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಆಪ್ತರೊಬ್ಬರು ತೀರಿಕೊಂಡ ಸುದ್ದಿ ಕೇಳಿ ವ್ಯಸನವಾಯಿತು ಎನ್ನುತ್ತೇವೆ. ಕುಡಿತದ ವ್ಯಸನಕ್ಕೆ ಬಿದ್ದು ಮನೆಮಾರು ಕಳೆದುಕೊಂಡ ಎಂದೂ ಎನ್ನುತ್ತೇವೆ. ಮೊದಲನೆಯದು ದುಃಖ, ಎರಡನೆಯದು ಚಟ. ಮೊದಲನೆಯದನ್ನು ಕೇಳಿದವರು ಮರುಗುತ್ತಾರೆ. ಎರಡನೆಯದನ್ನು ಕೇಳಿದವರು ಮುಖ ತಿರುಗಿಸುತ್ತಾರೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದ ನನಗೆ, ಒಂದೇ ಮಾತು ಇಷ್ಟು ದೂರದ ಎರಡು ಅರ್ಥಗಳನ್ನು ಹೇಗೆ ಹೊತ್ತಿತು ಎಂಬ ಕುತೂಹಲ ಮೊದಲಿನಿಂದಲೂ ಇದ್ದಿತು.

ಹಿಂದಿನವರಿಗೆ ಈ ಎರಡು ಅರ್ಥಗಳು ದೂರದವಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣ ಇಡಿಯಾಗಿ ವ್ಯಸನಗಳಿಗೆ ಮೀಸಲು. ಬೆಂಕಿ, ನೆರೆ, ರೋಗ, ಬರಗಾಲ ಅಲ್ಲಿ ವ್ಯಸನ; ಬೇಟೆ, ಜೂಜು, ಸ್ತ್ರೀಲೋಲುಪತೆ, ಪಾನ ಇವೂ ಅಲ್ಲಿ ವ್ಯಸನವೇ. ಮನುಷ್ಯನನ್ನು ಅವನ ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದೆಲ್ಲ ವ್ಯಸನವೆಂಬುದು ಅವನ ವಿವರಣೆ. ಮನೆಗೆ ಬೆಂಕಿ ಬಿದ್ದರೂ, ಮನೆಯ ಯಜಮಾನ ಹೆಂಡಕ್ಕೆ ಬಿದ್ದರೂ ಬಂದೊದಗಿದ್ದು ವಿಪತ್ತೇ. ಜೈನ ಗ್ರಂಥಕಾರರು ಸಪ್ತವ್ಯಸನಗಳೆಂದು ಎಣಿಸಿದಾಗ ಮಾತು ನೀತಿಯ ಕಡೆಗೆ ಹೆಚ್ಚು ವಾಲಿತು. ಇಂದು ನಮ್ಮ ಬಳಕೆಯಲ್ಲಿ ಆ ಎರಡು ಅರ್ಥಗಳೂ ಬೇರೆ ಬೇರೆ ಮನೆ ಹೂಡಿಕೊಂಡಿವೆ. ಆದರೆ ಎರಡೂ ಒಂದೇ ಮೈಯಲ್ಲಿ ಸೇರುವುದುಂಟು. ಮೈಯಲ್ಲಿ ಬಿಡದ ನೋವು, ಜೊತೆಗೆ ಬಿಡಲಾಗದ ಅಮಲು, ಎರಡನ್ನೂ ಹೊತ್ತ ಮನುಷ್ಯನ ಕಥೆಯನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವುದು ಈ ಭಾಷಣದ ಉದ್ದೇಶ.

ನಮ್ಮ ಪ್ರಾಚೀನ ವೈದ್ಯರು ಕುಡುಕನ ನೋವನ್ನು ಕಂಡಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ‘ಮದಾತ್ಯಯ’ ಎಂಬ ಒಂದು ಅಧ್ಯಾಯವೇ ಇದೆ. ಮದ್ಯ ಮಿತಿಮೀರಿದಾಗ ಬರುವ ರೋಗವೇ ಮದಾತ್ಯಯ. ಪಕ್ಕೆಯ ಶೂಲೆ, ತಲೆಯ ನಡುಕ, ನಿದ್ರೆಯಿಲ್ಲದಿರುವಿಕೆ ಇವನ್ನೆಲ್ಲ ಗ್ರಂಥಕಾರ ಲಕ್ಷಣಗಳಾಗಿ ಕೊಡುತ್ತಾನೆ. ಅನಂತರ ಒಂದೊಂದಕ್ಕೂ ಚಿಕಿತ್ಸೆ ಹೇಳುತ್ತಾನೆ. ಮದ್ಯವನ್ನೇ ಹದವರಿತು ಔಷಧವಾಗಿ ಕೊಡುವ ಕ್ರಮವೂ ಅಲ್ಲಿ ಉಂಟು. ಇದಕ್ಕೆ ಎದುರಾದ ಮತವೂ ನಮ್ಮ ನಾಡಿನಲ್ಲಿತ್ತು. ರಾಷ್ಟ್ರಕೂಟರ ಕಾಲದ ಜೈನವೈದ್ಯ ಉಗ್ರಾದಿತ್ಯ ತನ್ನ ‘ಕಲ್ಯಾಣಕಾರಕ’ದಲ್ಲಿ ಮದ್ಯಮಾಂಸಗಳನ್ನು ದೂರವಿಟ್ಟು ವೈದ್ಯ ನಡೆಸುವ ಪಕ್ಷವನ್ನು ಹಿಡಿದವನು. ಇಬ್ಬರಲ್ಲಿ ಯಾರು ಸರಿ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಕುಡಿದವನ ಪಕ್ಕೆಯ ನೋವು ಚರಕನಿಗೆ ರೋಗಲಕ್ಷಣವಾಗಿ ಕಂಡಿತು, ಶಿಕ್ಷೆಯಾಗಿ ಕಾಣಲಿಲ್ಲ; ಇಷ್ಟನ್ನು ಮರೆಯದಿದ್ದರೆ ಸಾಕು.

ಚರಕ ಸುಶ್ರುತರು ಅರಿಯದಿದ್ದ ಒಂದು ವಸ್ತು ಆಮೇಲೆ ಬಂದಿತು. ಗಸಗಸೆಯ ಹಸಿಕಾಯಿಯನ್ನು ಗೀರಿದಾಗ ಒಸರುವ ಹಾಲು ಹೆಪ್ಪುಗಟ್ಟಿ ಆಗುವ ಅಫೀಮು ಅದು. ಗ್ರೀಕರಿಂದ ಅರಬರಿಗೆ, ಅರಬರಿಂದ ನಮ್ಮ ಪಶ್ಚಿಮದ ಬಂದರುಗಳಿಗೆ ಬಂದ ವಸ್ತುವಿಗೆ ನಮ್ಮ ಪಂಡಿತರು ‘ಅಹಿಫೇನ’ ಎಂದು ಹೆಸರಿಟ್ಟರು. ಹಾವಿನ ನೊರೆ ಎಂದು ಅದರ ಅರ್ಥ. ಅರಬ್ಬಿಯ ‘ಅಫಿಯೂನ್’ ಸಂಸ್ಕೃತದ ಬಾಯಲ್ಲಿ ಹಾಗೆ ತಿರುಗಿತು. ಆದರೆ ಆ ತಿರುಗುವಿಕೆಯಲ್ಲಿ ಒಂದು ಎಚ್ಚರವೂ ಇದ್ದಂತೆ ತೋರುತ್ತದೆ. ಶಾರ್ಙ್ಗಧರಸಂಹಿತೆಯ ಕಾಲಕ್ಕೆ ಅದು ನಮ್ಮ ಔಷಧಗಳ ಸಾಲಿನಲ್ಲಿ ಸೇರಿತ್ತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತ ಅಫೀಮಿಗೂ ಒಂದು ಸಂವಾದವನ್ನು ಮೀಸಲಿಟ್ಟಿದ್ದಾನೆ.

ಕಂಪನಿ ಸರಕಾರ ಬಂದ ಮೇಲೆ ಈ ಔಷಧ ಬೊಕ್ಕಸದ ಸರಕಾಯಿತು. ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ನಾವು ಮತ್ತಿಗೆ ‘ಅಮಲು’ ಎನ್ನುತ್ತೇವೆ. ಹಳೆಯ ಮೈಸೂರಿನಲ್ಲಿ ತಾಲ್ಲೂಕಿನ ಅಧಿಕಾರಿಗೆ ‘ಅಮಲ್ದಾರ’ ಎನ್ನುತ್ತಿದ್ದೆವು. ಎರಡೂ ಒಂದೇ ಅರಬ್ಬಿ ಮೂಲದ ಮಾತುಗಳು. ಅಮಲಿನ ಮೇಲೆ ಅಮಲ್ದಾರಿ ನಡೆಸುವುದರಲ್ಲಿ ಬ್ರಿಟಿಷರು ನಿಪುಣರು. 1857ರಲ್ಲೊಂದು, 1878ರಲ್ಲೊಂದು ಅಫೀಮು ಕಾಯಿದೆ ಮಾಡಿ ಬೆಳೆಯಿಂದ ಮಾರಾಟದವರೆಗೆ ಎಲ್ಲವನ್ನೂ ಹಿಡಿತಕ್ಕೆ ತಂದರು. ಇಂಗ್ಲೆಂಡಿನಲ್ಲಿಯೇ ಇದರ ವಿರುದ್ಧ ಕೂಗೆದ್ದಾಗ 1893ರಲ್ಲಿ ರಾಯಲ್ ಆಯೋಗವೊಂದನ್ನು ನೇಮಿಸಲಾಯಿತು. ಬ್ರಾಸಿ ಪ್ರಭುವಿನ ಅಧ್ಯಕ್ಷತೆಯ ಆ ಆಯೋಗ ಭಾರತದಲ್ಲಿ ಸಂಚರಿಸಿ, ನೂರಾರು ಜನರ ಸಾಕ್ಷ್ಯ ಪಡೆದು, 1895ರಲ್ಲಿ ವರದಿ ಕೊಟ್ಟಿತು. ಹದವಾಗಿ ತಿಂದರೆ ಅಫೀಮು ದೊಡ್ಡ ಕೇಡಲ್ಲವೆಂಬುದು ಅದರ ತೀರ್ಮಾನ. ಬೊಕ್ಕಸದ ಹಿತವೇ ಹೀಗೆ ನುಡಿಸಿತೆಂದು ಹಲವರು ಆಗಲೇ ಆಕ್ಷೇಪಿಸಿದರು. ಆದರೂ ಆ ಸಾಕ್ಷ್ಯಗಳಿಂದ ಒಂದು ಸಂಗತಿ ಹೊರಬಿದ್ದಿತು. ತಿನ್ನುವವರಲ್ಲಿ ಬಹುಮಂದಿ ಸುಖಕ್ಕೆಂದು ಆರಂಭಿಸಿದವರಲ್ಲ; ಕೀಲುನೋವು, ಭೇದಿ, ಚಳಿಜ್ವರ, ಮುಪ್ಪಿನ ಬಳಲಿಕೆ ಎಂದು ಮನೆಮದ್ದಾಗಿ ಹಿಡಿದವರು. ವೈದ್ಯನಿಲ್ಲದ ಊರಿನಲ್ಲಿ ಅಫೀಮಿನ ಗುಳಿಗೆಯೇ ವೈದ್ಯನಾಗಿತ್ತು.

ಇದೇ ಶತಮಾನದಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಅಫೀಮಿನ ಸತ್ತ್ವವನ್ನು ಬೇರ್ಪಡಿಸಿ ಮಾರ್ಫಿನ್ ಎಂದು ಕರೆದಿದ್ದರು. 1850ರ ದಶಕದಲ್ಲಿ ಚುಚ್ಚುಮದ್ದಿನ ಸೂಜಿ ಬಂದಿತು. ಹೊಟ್ಟೆಗೆ ಹೋಗದೆ ನೇರವಾಗಿ ಮೈಗೆ ಸೇರುವುದರಿಂದ ಚಟ ಅಂಟುವುದಿಲ್ಲವೆಂದು ಕೆಲವು ವೈದ್ಯರು ನಂಬಿದರು. ಆ ನಂಬಿಕೆ ಬಹುಬೇಗ ಸುಳ್ಳಾಯಿತು. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಕೆಮ್ಮಿಗೆ ಒಳ್ಳೆಯ ಮದ್ದೆಂದು ಹೆರಾಯಿನನ್ನು ಮಾರುಕಟ್ಟೆಗೆ ತಂದಿತು. ಅದರ ಮುಂದಿನ ಕಥೆ ಎಲ್ಲರಿಗೂ ಗೊತ್ತು. ನೋವನ್ನು ಗೆಲ್ಲುವ ಒಂದೊಂದು ಹೊಸ ಮದ್ದೂ ಹೀಗೆ ಒಂದೊಂದು ಹೊಸ ವ್ಯಸನವನ್ನು ಹಿಂದೆಯೇ ಕರೆತಂದುದರಿಂದ ಜಗತ್ತು ಬೆದರಿತು. 1961ರ ಅಂತರರಾಷ್ಟ್ರೀಯ ಒಪ್ಪಂದ ಆ ಬೆದರಿಕೆಯ ಫಲ. ಆದರೆ ಅದನ್ನು ಬರೆದವರು ವಿವೇಕಿಗಳು. ನೋವಿನ ಶಮನಕ್ಕೆ ಈ ಮದ್ದುಗಳು ಅನಿವಾರ್ಯವೆಂಬ ಮಾತನ್ನೂ, ಇವುಗಳ ವ್ಯಸನ ಘೋರವಾದ ಕೇಡೆಂಬ ಮಾತನ್ನೂ ಒಂದೇ ಪೀಠಿಕೆಯಲ್ಲಿ ಅಕ್ಕಪಕ್ಕದಲ್ಲಿ ಇರಿಸಿದರು.

ನಮ್ಮ ಸಂವಿಧಾನವೂ ಇಂಥದೇ ವಿವೇಕವನ್ನು ತೋರಿದೆ. ಮಾದಕ ಪಾನೀಯಗಳನ್ನೂ ಆರೋಗ್ಯಕ್ಕೆ ಹಾನಿಕರವಾದ ಮಾದಕವಸ್ತುಗಳನ್ನೂ ನಿಷೇಧಿಸಲು ರಾಜ್ಯವು ಯತ್ನಿಸಬೇಕೆಂದು 47ನೆಯ ಅನುಚ್ಛೇದ ಹೇಳುತ್ತದೆ. ಅದರ ನಡುವೆ, ಔಷಧದ ಉದ್ದೇಶವೊಂದನ್ನು ಹೊರತುಪಡಿಸಿ ಎಂಬ ಅರ್ಥದ ಮಾತನ್ನೂ ಸೇರಿಸಿದೆ. ‘ಹೊರತು’ ಎಂಬುದು ಚಿಕ್ಕ ಮಾತು. ನಿಷೇಧವನ್ನು ನೆನಪಿಟ್ಟುಕೊಂಡು ಆ ಚಿಕ್ಕ ಮಾತನ್ನು ಮರೆತದ್ದರಿಂದ ಆದ ಅನರ್ಥವೇ ನಮ್ಮ ಮುಂದಿನ ಚರಿತ್ರೆ.

ಇಲ್ಲಿ ನನ್ನ ಊರಾದ ಅರಸೀಕೆರೆಯನ್ನು ನೆನೆಯಬೇಕಾಗುತ್ತದೆ. ಹೊಯ್ಸಳರ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಹೆಸರು ಪಡೆದ ಊರು ಇದು. ಹದಿಮೂರನೆಯ ಶತಮಾನದ ಈಶ್ವರ ದೇವಾಲಯವನ್ನು ನೋಡಲು ಬರುವವರು ಇಂದಿಗೂ ಉಂಟು. ಸ್ವಾತಂತ್ರ್ಯ ಬಂದ ಕಾಲದ ಇತಿಹಾಸದಲ್ಲಿ ಈ ಊರಿನ ಹೆಸರು ಇನ್ನೊಂದು ಕಾರಣಕ್ಕೆ ಬರುತ್ತದೆ. ಮಹಿಳೆಯರಿಗಾಗಿ ಇಲ್ಲಿ ನೆಲೆಗೊಂಡ ಕಸ್ತೂರಬಾ ಶಿಬಿರದ ಹಿಂದೆ ಯಶೋಧರಾ ದಾಸಪ್ಪನವರ ಶ್ರಮವಿತ್ತು. ಗಾಂಧೀ ಮಾರ್ಗದವರಾದ ಯಶೋಧರಮ್ಮನವರು ಮುಂದೆ ಮೈಸೂರು ರಾಜ್ಯದಲ್ಲಿ ಮಂತ್ರಿಗಳಾದರು. ಸ್ವಾತಂತ್ರ್ಯಾನಂತರ ನಮ್ಮ ಸರಕಾರ ಪಾನನಿರೋಧವನ್ನು ಹಂತಹಂತವಾಗಿ ಜಾರಿಗೆ ತಂದಿತ್ತು. 1960ರ ದಶಕದಲ್ಲಿ ಅದನ್ನು ಕೈಬಿಡಲು ಹೊರಟಾಗ ಯಶೋಧರಮ್ಮನವರು ಪ್ರತಿಭಟಿಸಿ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. 1967ರ ಅಕ್ಟೋಬರ್ 1ರಿಂದ ಹೊಸ ಅಬಕಾರಿ ಕಾಯಿದೆ ಜಾರಿಗೆ ಬಂದಿತು. ತತ್ತ್ವಕ್ಕಾಗಿ ಅಧಿಕಾರವನ್ನು ಬಿಟ್ಟುಕೊಟ್ಟ ಆ ತಾಯಿಗೆ 1972ರಲ್ಲಿ ಪದ್ಮಭೂಷಣ ಸಂದಿತು. ಕುಡಿತದಿಂದ ಹೆಂಗಸರೂ ಮಕ್ಕಳೂ ಪಡುವ ಪಾಡನ್ನು ಬಲ್ಲ ಯಾರೂ ಅವರ ನಿಲುವನ್ನು ಹಗುರವಾಗಿ ಕಾಣಲಾರರು.

ಆದರೆ ಹೆಂಡದಂಗಡಿಯ ಮುಂದೆ ನಿಂತವನ ಮೈಯನ್ನೂ ಒಮ್ಮೆ ನೋಡಬೇಕು. ಅರಸೀಕೆರೆ ತೆಂಗಿನ ಸೀಮೆ. ಕಾಯಿ ಕೊಬ್ಬರಿಗಳ ವ್ಯಾಪಾರದ ಊರು, ರೈಲು ಜಂಕ್ಷನ್ನು. ಇಲ್ಲಿ ಮರ ಹತ್ತುವವರು, ಬಗ್ಗಿ ನಿಂತು ದಿನವೆಲ್ಲ ಕಾಯಿ ಸುಲಿಯುವವರು, ಬೆನ್ನ ಮೇಲೆ ಮೂಟೆ ಹೊರುವ ಹಮಾಲರು ತಲೆಮಾರುಗಳಿಂದ ಇದ್ದಾರೆ. ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಒಬ್ಬರನ್ನು ನಾನು ಬಹುಕಾಲ ಬಲ್ಲೆ. ನಲವತ್ತು ದಾಟುವ ಮೊದಲೇ ಅವರ ಸೊಂಟ ಹೋಗಿತ್ತು. ಸಂಜೆ ಕುಡಿಯುತ್ತಿದ್ದರು. ಏಕಪ್ಪಾ ಎಂದು ಒಮ್ಮೆ ಕೇಳಿದ್ದಕ್ಕೆ, “ಕುಡಿದ್ರೆ ಸೊಂಟ ಇರೋದೇ ಮರ್ತೋಗ್ತದೆ ಮೇಷ್ಟ್ರೇ. ಬೆಳಗಾಗೆದ್ರೆ ಎರಡರಷ್ಟಾಗಿ ಬಂದು ಕೂತಿರ್ತದೆ,” ಎಂದರು. ಒಂದು ಆಸ್ಪತ್ರೆಗೆ ತೋರಿಸಲು ಹೋದಾಗ ಬಾಯಿಯ ವಾಸನೆ ಕಂಡೊಡನೆ, ಮೊದಲು ಕುಡಿಯುವುದನ್ನು ಬಿಟ್ಟು ಬಾ, ಸೊಂಟದ ಮಾತು ಆಮೇಲೆ ಎಂದು ಕಳುಹಿಸಿದರಂತೆ. ಅವರು ಮತ್ತೆ ಆ ಕಡೆ ಹೋಗಲಿಲ್ಲ. ಹೆಂಡದ ಕಡೆ ಹೋಗುವುದನ್ನು ನಿಲ್ಲಿಸಲೂ ಇಲ್ಲ.

ಆ ಹಮಾಲರು ತಮ್ಮ ಮಾತಿನಲ್ಲಿ ಹೇಳಿದ್ದನ್ನು ವೈದ್ಯಶಾಸ್ತ್ರ ಇಂದು ಒಪ್ಪುತ್ತದೆ. ಮದ್ಯ ಸ್ವಲ್ಪ ಹೊತ್ತು ನೋವನ್ನು ಮಂಕಾಗಿಸುತ್ತದೆ. ದಿನವೂ ಕುಡಿಯುವವನ ಅಮಲು ಇಳಿಯುವಾಗ ನರಗಳು ಕೆರಳಿ ಅದೇ ನೋವು ಹೆಚ್ಚಾಗುತ್ತದೆ. ವರ್ಷಗಟ್ಟಲೆ ಕುಡಿದರೆ ಕುಡಿತವೇ ಹೊಸ ನೋವುಗಳನ್ನು ಹುಟ್ಟಿಸುತ್ತದೆ. ಕಾಲಿನ ನರಗಳು ಸೊರಗಿ ಅಂಗಾಲು ಉರಿಯುತ್ತದೆ, ಜೋಮು ಹಿಡಿಯುತ್ತದೆ. ಮೇದೋಜೀರಕ ಗ್ರಂಥಿ ಬಾತು ಹೊಟ್ಟೆಯಿಂದ ಬೆನ್ನಿಗೆ ಇರಿಯುವ ಶೂಲೆ ಬರುತ್ತದೆ. ನೋವಿಗೆ ಕುಡಿತ, ಕುಡಿತದಿಂದ ನೋವು: ಈ ಗಾಣಕ್ಕೆ ಸಿಕ್ಕಿದ ಎತ್ತಿಗೆ, ಮೊದಲು ಹೊರಗೆ ಬಾ, ಆಮೇಲೆ ನೊಗ ಬಿಚ್ಚುತ್ತೇನೆ ಎನ್ನುವುದು ಯಾವ ನ್ಯಾಯ? ಕುಡಿಯುವವರಿಗೆ ಮದ್ದು ಕೊಡುವಾಗ ವೈದ್ಯರು ಹೆಚ್ಚು ಎಚ್ಚರದಿಂದಿರಬೇಕೆಂಬುದು ನಿಜ. ಸಾಮಾನ್ಯವಾದ ನೋವಿನ ಮಾತ್ರೆಯೂ ಕೆಟ್ಟ ಯಕೃತ್ತಿಗೆ ಅಪಾಯ ತರಬಲ್ಲದು. ಎಚ್ಚರವೆಂದರೆ ಅಳೆದು ಕೊಡುವುದು, ಬೇರೆ ದಾರಿ ಹುಡುಕುವುದು; ಹಿಂದಕ್ಕೆ ಕಳುಹಿಸುವುದಲ್ಲ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದಕ್ಕಾಗಿ ಹೋರಾಡಿದ ಹೆಂಗಸರ ಪಾಲಿಗೆ ಅದೊಂದು ಗೆಲುವು. ಸಾರಾಯಿ ಹೋಯಿತು, ಬಾಟಲಿಯ ಮದ್ಯ ಉಳಿಯಿತು. ಹಮಾಲರ ಸೊಂಟನೋವೂ ಉಳಿಯಿತು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದರಂತೆ ಮದ್ಯದ ಕಾರಣದಿಂದ ನೆರವು ಬೇಕಾದವರ ಸಂಖ್ಯೆ ದೇಶದಲ್ಲಿ ಸುಮಾರು 5.7 ಕೋಟಿ. ಇವರಲ್ಲಿ ಮೈನೋವು ಹೊತ್ತವರು ಎಷ್ಟು ಮಂದಿ ಎಂದು ಕೇಳುವುದು ನಮಗೆ ಇನ್ನೂ ವಾಡಿಕೆಯಾಗಿಲ್ಲ.

ಇನ್ನು ಅಫೀಮಿನ ಕಡೆಯ ಕಥೆ. 1985ರಲ್ಲಿ ಸಂಸತ್ತು ಮಾದಕವಸ್ತುಗಳನ್ನು ಕುರಿತ ಹೊಸ ಕಾಯಿದೆಯನ್ನು ಅಂಗೀಕರಿಸಿತು. ನವೆಂಬರ್ 14ರಿಂದ ಅದು ಜಾರಿಗೆ ಬಂದಿತು. ಕಳ್ಳಸಾಗಣೆಯನ್ನು ಹತ್ತಿಕ್ಕುವುದು ಅದರ ಗುರಿ. ಅನೇಕ ಅಪರಾಧಗಳಿಗೆ ಕನಿಷ್ಠ ಹತ್ತು ವರ್ಷಗಳ ಸೆರೆವಾಸ ವಿಧಿಸಿತು. ಔಷಧದ ಬಳಕೆಗೆ ಅದರಲ್ಲಿಯೂ ‘ಹೊರತು’ ಎಂಬ ಮಾತಿತ್ತು. ಆದರೆ ಆಸ್ಪತ್ರೆಯೊಂದು ಮಾರ್ಫಿನ್ ತರಿಸಬೇಕಾದರೆ ನಾಲ್ಕೈದು ಪರವಾನಗಿಗಳು ಬೇಕಾದವು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಲೆಕ್ಕದಲ್ಲಿ ಚೂರು ತಪ್ಪಿದರೆ ಜೈಲು ಎಂಬ ಭಯ ಬೇರೆ. ಔಷಧದಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. ಮುಂದಿನ ಹನ್ನೆರಡು ಹದಿಮೂರು ವರ್ಷಗಳಲ್ಲಿ ದೇಶದ ಆಸ್ಪತ್ರೆಗಳಲ್ಲಿ ಮಾರ್ಫಿನ್ ಬಳಕೆ ಶೇಕಡಾ 97ರಷ್ಟು ಕುಸಿಯಿತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಹೊಲಗಳಲ್ಲಿ ಸರಕಾರದ ಪರವಾನಗಿಯಿಂದಲೇ ಅಫೀಮು ಬೆಳೆದು ಹೊರದೇಶಗಳ ಔಷಧ ಕಾರ್ಖಾನೆಗಳಿಗೆ ಕಳುಹಿಸುವ ದೇಶ ನಮ್ಮದು. ಆ ಮದ್ದು ಪರದೇಶದ ರೋಗಿಯ ನೋವನ್ನು ಇಳಿಸಿತು. ನಮ್ಮ ಊರಿನ ಕ್ಯಾನ್ಸರ್ ರೋಗಿ ಕೂಗುತ್ತಲೇ ಪ್ರಾಣಬಿಟ್ಟ. ಕಲಿತ ವೈದ್ಯರ ಒಂದು ಪೀಳಿಗೆಯೇ ಮಾರ್ಫಿನನ್ನು ಕೈಯಲ್ಲಿ ಹಿಡಿಯದೆ ಬೆಳೆಯಿತು.

ಈ ಕತ್ತಲೆಯಲ್ಲಿಯೂ ದೀಪ ಹಿಡಿದವರಿದ್ದರು. ಕೇರಳದಲ್ಲಿ ಉಪಶಮನ ಚಿಕಿತ್ಸೆಯ ಚಳವಳಿ ಬೆಳೆಯಿತು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಒಂದು ವಿಶ್ವಸ್ತ ಸಂಸ್ಥೆ ‘ಕರುಣಾಶ್ರಯ’ವನ್ನು ಕಟ್ಟಿತು, ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಹಣ ಕೇಳದೆ ಆರೈಕೆ ದೊರೆಯುತ್ತದೆ. ಇಂಥವರ ಬಹುಕಾಲದ ಒತ್ತಾಯದಿಂದ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಅವಶ್ಯವಾದ ಕೆಲವು ಮದ್ದುಗಳಿಗೆ ಒಂದೇ ಪರವಾನಗಿ ಸಾಕೆಂದಾಯಿತು. ‘ಹೊರತು’ ಎಂಬ ಮಾತಿಗೆ ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಮತ್ತೆ ಜೀವ ಬಂದಿತು.

ಆದರೆ ಈ ತೆರೆದ ಬಾಗಿಲಿನಲ್ಲಿ ಒಬ್ಬನನ್ನು ಮಾತ್ರ ಇನ್ನೂ ತಡೆಯುತ್ತೇವೆ. ಅವನೇ ವ್ಯಸನಿ. ಕ್ಯಾನ್ಸರ್ ರೋಗಿಯ ನೋವನ್ನು ನಂಬುವವರೂ ಇವನ ನೋವನ್ನು ನಂಬುವುದಿಲ್ಲ. ನೋವೆಂಬುದು ಮದ್ದು ಪಡೆಯಲು ಹೂಡಿದ ನಟನೆ ಎನ್ನುತ್ತಾರೆ. ಹಾಗೆ ನಟಿಸುವವರು ಇಲ್ಲವೆನ್ನಲಾಗದು. ಆದರೆ ಶಾಸ್ತ್ರ ಹೇಳುವುದು ಬೇರೆ. ಬಹುಕಾಲ ಅಫೀಮಿನ ಜಾತಿಯ ವಸ್ತುಗಳಿಗೆ ಒಗ್ಗಿದ ಮೈಗೆ ಅದೇ ಪ್ರಮಾಣದ ಮದ್ದು ಸಾಲದೆ ಹೋಗುತ್ತದೆ. ಎಷ್ಟೋ ವೇಳೆ ಅಂಥ ಮೈಗೆ ನೋವು ತಟ್ಟುವುದೇ ಹೆಚ್ಚಾಗುತ್ತದೆ. ಬೇರೆಯವರು ಸಹಿಸಬಹುದಾದ ನೋವನ್ನು ಅವನು ಸಹಿಸಲಾರ. ನಾವು ನಟನೆ ಎನ್ನುವುದು ಅನೇಕ ಸಲ ಅವನ ನರಗಳ ನಿಜ.

ಇದಕ್ಕೆ ಉಪಾಯವಿಲ್ಲದಿಲ್ಲ. ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಎರಡು ಮದ್ದುಗಳು ವ್ಯಸನದ ಚಿಕಿತ್ಸೆಗೂ ಬರುತ್ತವೆ, ನೋವಿನ ಚಿಕಿತ್ಸೆಗೂ ಬರುತ್ತವೆ. ದಿನಕ್ಕೊಮ್ಮೆ ಕೊಟ್ಟರೆ ಚಟದ ಹಂಬಲವನ್ನು ದಿನವೆಲ್ಲ ತಡೆಯುತ್ತವೆ. ನೋವನ್ನು ತಡೆಯುವ ಗುಣ ಮಾತ್ರ ಕೆಲವೇ ಗಂಟೆಗಳಲ್ಲಿ ತೀರುತ್ತದೆ. ಬೆಳಗ್ಗೆ ಮದ್ದು ಪಡೆದವನು ಸಂಜೆ ನೋವೆಂದರೆ ಅದು ಸುಳ್ಳಲ್ಲ. ಅದೇ ಪ್ರಮಾಣವನ್ನು ದಿನದಲ್ಲಿ ಮೂರು ನಾಲ್ಕು ಪಾಲು ಮಾಡಿ ಕೊಡುವುದನ್ನು ಬಲ್ಲ ವೈದ್ಯರು ಇದನ್ನು ಅರಿತಿದ್ದಾರೆ. ಇದಲ್ಲದೆ ವ್ಯಾಯಾಮ, ನರನೋವಿಗೆಂದೇ ಇರುವ ಬೇರೆ ಮಾತ್ರೆಗಳು, ಮನಸ್ಸನ್ನು ಸಂತೈಸುವ ಸಮಾಲೋಚನೆ ಇವೆಲ್ಲ ಉಂಟು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ವ್ಯಸನವನ್ನು ರೋಗವೆಂದು ಕಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗವಿದೆ. ಅಂಥ ತಿಳಿವಳಿಕೆ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಕೊಠಡಿಯವರೆಗೆ ಇಳಿಯಬೇಕಾಗಿದೆ.

ಹಾಗಾದರೆ ಕೇಳಿದವರಿಗೆಲ್ಲ ಮದ್ದು ಸುರಿಯಬೇಕೆ? ಅಮೆರಿಕದ ಅನುಭವ ಕಣ್ಣಮುಂದಿದೆ. 1996ರಲ್ಲಿ ಅಲ್ಲಿಯ ಒಂದು ಕಂಪನಿ ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದು, ಇದು ಅಷ್ಟಾಗಿ ಚಟ ಹಿಡಿಸದೆಂದು ವೈದ್ಯರನ್ನು ನಂಬಿಸಿತು. 2007ರಲ್ಲಿ ಆ ತಪ್ಪನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಮನೆಗಳು ಕೆಟ್ಟಿದ್ದವು. ಆಮೇಲೆ ಹೆದರಿದ ವೈದ್ಯರು ಅನೇಕರಿಗೆ ಮದ್ದನ್ನು ಒಮ್ಮೆಗೇ ನಿಲ್ಲಿಸಿದರು. ನೋವು ತಾಳಲಾರದೆ ಬೀದಿಯ ಹೆರಾಯಿನ್ ಹಿಡಿದವರೂ ಉಂಟು. ಲಾಭಕ್ಕಾಗಿ ಸುರಿದದ್ದೂ ಭಯದಿಂದ ಕಿತ್ತುಕೊಂಡದ್ದೂ ಎರಡೂ ರೋಗಿಯ ಮುಖ ನೋಡದೆ ಮಾಡಿದ ಕೆಲಸಗಳೇ.

ನೋವಿಗೆ ನಮ್ಮ ಹಳೆಯ ಮಾತು ‘ಬೇನೆ’. ಅದು ‘ವೇದನೆ’ಯ ತದ್ಭವ. ವೇದನೆಗೂ ವೇದಕ್ಕೂ ಧಾತು ಒಂದೇ, ಅರಿವು ಎಂದು ಅದರ ಅರ್ಥ. ನೋವು ನೊಂದವನ ಅರಿವು. ಹೊರಗಿನವರಿಗೆ ಅವನ ಮಾತೇ ಸಾಕ್ಷಿ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸುವಾಗ, ತನಗೆ ನೋವಿದೆ ಎಂದು ಒಬ್ಬ ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದು ಸೇರಿಸಿತು. ಕುಡಿಯದವನಾಗಿದ್ದರೆ ಎಂಬ ಷರತ್ತು ಅಲ್ಲಿಲ್ಲ.

ಕನ್ನಡ ನಾಡಿಗೆ ಈ ನಡತೆ ಹೊಸದೂ ಅಲ್ಲ. ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನವೊಂದಿದೆ. ವಿದ್ಯೆಯ ಬೀಡಾಗಿದ್ದ ಆ ಮಠ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವಿಡುವ ತಾಣವೂ, ರೋಗಪೀಡಿತ ಅನಾಥರಿಗೆ ಔಷಧ ಕೊಡುವ ತಾಣವೂ ಆಗಿತ್ತೆಂದು ಶಾಸನ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಅವರ ಸಂಕಟ ಅವರವರ ತಪ್ಪಿನಿಂದ ಬಂದದ್ದೇ ಅಲ್ಲವೇ ಎಂದು ವಿಂಗಡಿಸುವ ಮಾತು ಆ ಪಟ್ಟಿಯಲ್ಲಿಲ್ಲ.

ಯಶೋಧರಮ್ಮನವರಂಥವರು ಬಯಸಿದ ಪಾನಮುಕ್ತ ಸಮಾಜಕ್ಕೂ ನಾನು ಹೇಳುತ್ತಿರುವುದಕ್ಕೂ ವಿರೋಧವಿಲ್ಲ. ಕುಡಿತವನ್ನು ಬಿಡಿಸಬೇಕಾದರೆ ಕುಡಿಯಲು ಹಚ್ಚಿದ ನೋವನ್ನು ಮೊದಲು ವಿಚಾರಿಸಬೇಕು. ಮದ್ಯವರ್ಜನ ಶಿಬಿರ ನಡೆಸುವವರು ಸೇರಿಸಿಕೊಳ್ಳುವಾಗ, ಎಷ್ಟು ಕುಡಿಯುತ್ತೀಯ ಎನ್ನುವುದರ ಜೊತೆಗೆ, ಮೈಯಲ್ಲಿ ಎಲ್ಲಿ ನೋವು ಎಂದೂ ಕೇಳಿ ಬರೆದುಕೊಳ್ಳಲಿ. ಮನೆಯವರೂ ಹಾಗೆ ಕೇಳಲಿ. ವೈದ್ಯರು ವಾಸನೆ ಬಂದಿತೆಂದು ಮುಖ ತಿರುಗಿಸದೆ ಸೊಂಟವನ್ನು ಮುಟ್ಟಿ ನೋಡಲಿ. ಮೂಟೆ ಹೊತ್ತು ಬಾಗಿದ ಬೆನ್ನಿಗೆ ಅಷ್ಟನ್ನು ನಾವು ಸಲ್ಲಿಸಬೇಕಾದ ಬಾಕಿಯಿದೆ.